ಗೆಡ್ಡೆ ಅಷ್ಟೇ ಇದೆ, ಅಂಕಿ ಇಳಿದಿದೆ: ಶ್ವಾಸಕೋಶದ ಕ್ಯಾನ್ಸರಿನಲ್ಲಿ ಪೆಟ್ ಸ್ಕ್ಯಾನ್ ವರದಿ ಓದುವುದು ಹೇಗೆ?

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು. ತಂದೆಯವರಿಗೆ 64 ವರ್ಷ, ಅಡಿಕೆ ತೋಟ ನೋಡಿಕೊಂಡಿದ್ದವರು. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಬಲ ಶ್ವಾಸಕೋಶದಲ್ಲಿ ಅಡಿನೊಕಾರ್ಸಿನೋಮ ಎಂಬ ಬಗೆಯ ಕ್ಯಾನ್ಸರ್, ಮೂರನೇ ಹಂತ, ಆಪರೇಷನ್ ಆಗುವುದಿಲ್ಲ ಎಂದರು. ಬೆಂಗಳೂರಿನಲ್ಲಿ ಆರು ವಾರ ರೇಡಿಯೇಶನ್, ಜೊತೆಗೇ ಕೀಮೋ ಆಯಿತು. ಮುಗಿದ ಮೇಲೆ ಮೂರು ತಿಂಗಳಿಗೆ ಪೆಟ್ ಸ್ಕ್ಯಾನ್ ಮಾಡೋಣ ಎಂದಿದ್ದರು. ನಮಗೆ ತಡೆಯಲಾಗಲಿಲ್ಲ. ಐದನೇ ವಾರಕ್ಕೇ ಹತ್ತಿರದ ಇನ್ನೊಂದು ಊರಿನಲ್ಲಿ ಮಾಡಿಸಿದೆವು. ಮೊದಲು ಎಸ್‌ಯುವಿ ಮ್ಯಾಕ್ಸ್ 13.6 ಇದ್ದದ್ದು ಈಗ 6.2. ಆದರೆ ಗೆಡ್ಡೆ 4.8 ಸೆಂ.ಮೀ. ಇದ್ದದ್ದು 4.3 ಮಾತ್ರ ಆಗಿದೆ. ಎಡಗಡೆಯ ಹೈಲಾರ್ ಗ್ರಂಥಿಯಲ್ಲಿ ಹೊಸದಾಗಿ 4.1 ಎಂದು ಬರೆದಿದ್ದಾರೆ. ಡಾಕ್ಟರು ಗಾಬರಿ ಬೇಡ, ಇಮ್ಯುನೋಥೆರಪಿ (ಮೈಯ ರಕ್ಷಣಾ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ಔಷಧ) ಶುರು ಮಾಡೋಣ ಎನ್ನುತ್ತಾರೆ. ನಮ್ಮ ಮಾವ, ಪೆಟ್ ಪೂರ್ತಿ ಕ್ಲಿಯರ್ ಆಗುವವರೆಗೆ ಹೊಸ ಔಷಧ ಬೇಡ ಎನ್ನುತ್ತಾರೆ. ಕ್ಯಾನ್ಸರ್ ಹೋಗಿದೆಯೇ, ಉಳಿದಿದೆಯೇ? ಯಾವ ಅಂಕಿ ನಂಬಬೇಕು? ಇನ್ನೊಂದು: ಸ್ಕ್ಯಾನ್ ಆದ ದಿನ ಮೂರು ವರ್ಷದ ಮಗಳನ್ನು ಅಜ್ಜನ ಹತ್ತಿರ ಬಿಡಬಹುದೇ?

ಉತ್ತರ: ಚಿಕಿತ್ಸೆ ಕೆಲಸ ಮಾಡಿದೆ ಎನ್ನುವುದಕ್ಕೆ ನಿಮ್ಮ ಕೈಯಲ್ಲಿರುವ ವರದಿಯಲ್ಲಿ ಒಳ್ಳೆಯ ಸೂಚನೆ ಇದೆ. ಅದನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ತುಂಬ ನಿದ್ದೆಯಿಲ್ಲದ ರಾತ್ರಿಗಳು ಕಾಣುತ್ತವೆ. ಕ್ಯಾನ್ಸರ್ ಪೂರ್ತಿ ಹೋಗಿದೆಯೇ ಎಂದು ಕೇಳಿದರೆ, ಅದಕ್ಕೆ ಉತ್ತರ ಕೊಡುವ ಶಕ್ತಿ ಐದನೇ ವಾರದ ಸ್ಕ್ಯಾನಿಗೆ ಇಲ್ಲ. ಎಡಗಡೆಯ ಗ್ರಂಥಿಯನ್ನು ಮಾತ್ರ ಸುಮ್ಮನೆ ಬಿಡುವಂತಿಲ್ಲ. ಅದೇ ಕ್ಯಾನ್ಸರ್ ಎಂದು ಈಗಲೇ ತೀರ್ಮಾನಿಸುವಂತೆಯೂ ಇಲ್ಲ. ಒಂದೊಂದಾಗಿ ನೋಡೋಣ.

ನಿಮ್ಮಲ್ಲಿ ಅಡಿಕೆ ಬೇಯಿಸುವ ಒಲೆ ಇರುತ್ತದಲ್ಲ, ಅದನ್ನು ನೆನಪಿಸಿಕೊಳ್ಳಿ. ಹಂಡೆ ಇಳಿಸಿ, ನೀರು ಚಿಮುಕಿಸಿ ಬೆಂಕಿ ಆರಿಸಿದ ಮೇಲೂ ದೊಡ್ಡ ಸೌದೆ ಕುಂಟೆ ಅಷ್ಟೇ ಉದ್ದಕ್ಕೆ ಬಿದ್ದಿರುತ್ತದೆ. ಅಳತೆಪಟ್ಟಿ ಹಿಡಿದವನಿಗೆ ಏನೂ ಬದಲಾದಂತೆ ಕಾಣುವುದಿಲ್ಲ. ಕೈಯನ್ನು ಹತ್ತಿರ ಒಯ್ದವನಿಗೆ ಮಾತ್ರ ತಿಳಿಯುತ್ತದೆ, ಆರಿದೆಯೋ ಅಥವಾ ಬೂದಿ ಮುಚ್ಚಿದ ಕೆಂಡವೋ ಎಂದು. ಸಿಟಿ ಸ್ಕ್ಯಾನ್ ಅಳತೆಪಟ್ಟಿ ಹಿಡಿಯುತ್ತದೆ, ಪೆಟ್ ಕೈಯೊಡ್ಡಿ ಬಿಸಿ ನೋಡುತ್ತದೆ. ಪೆಟ್ ಸ್ಕ್ಯಾನಿನ ಜೊತೆಗೇ ಸಿಟಿಯೂ ಆಗಿರುತ್ತದೆ, ನಿಮ್ಮ ವರದಿಯ ಸೆಂ.ಮೀ. ಅಂಕಿ ಅದರದ್ದು. ರೇಡಿಯೇಶನ್ನಿನಿಂದ ಸತ್ತ ಗೆಡ್ಡೆಯ ಜಾಗದಲ್ಲಿ ನಾರಿನಂಥ ಕಲೆ ಉಳಿಯುತ್ತದೆ. ಅದು ಎಷ್ಟೋ ಸಲ ವರ್ಷಗಟ್ಟಲೆ ಹಾಗೇ ಇರುತ್ತದೆ. 4.3 ಸೆಂ.ಮೀ. ಎಂಬ ಅಂಕಿಯಲ್ಲಿ ಜೀವಂತ ಕ್ಯಾನ್ಸರ್ ಎಷ್ಟು, ಕಲೆ ಎಷ್ಟು ಎಂದು ಸಿಟಿ ಒಂದರಿಂದಲೇ ಬೇರ್ಪಡಿಸಿ ಹೇಳುವುದು ಕಷ್ಟ.

ಪೆಟ್ ಬಿಸಿ ನೋಡುವ ಬಗೆ ಹೀಗೆ. 1920ರ ದಶಕದಲ್ಲಿ ಜರ್ಮನಿಯ ಓಟೊ ವಾರ್‌ಬರ್ಗ್ ಒಂದು ವಿಚಿತ್ರ ಗಮನಿಸಿದರು: ಗೆಡ್ಡೆಯ ಜೀವಕೋಶಗಳು ಗ್ಲೂಕೋಸನ್ನು ವಿಪರೀತ ಬಳಸುತ್ತವೆ. 1976ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ರಸಾಯನ ವಿಜ್ಞಾನಿಗಳು ಗ್ಲೂಕೋಸಿನ ಒಂದು ಸೋದರ ರೂಪಕ್ಕೆ ವಿಕಿರಣಶೀಲ ಫ್ಲೋರಿನ್-18 ಅಂಟಿಸಿ ಕೊಟ್ಟರು. ಅದೇ ವರ್ಷ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಅದನ್ನು ಮೊದಲ ಬಾರಿ ಮನುಷ್ಯರಿಗೆ ಚುಚ್ಚಿ ಚಿತ್ರ ತೆಗೆದರು. ಇದೇ ಎಫ್‌ಡಿಜಿ, ನಿಮ್ಮ ತಂದೆಯವರ ಕೈಯ ನರಕ್ಕೆ ಕೊಟ್ಟದ್ದು. ಜೀವಕೋಶ ಇದನ್ನು ಸಕ್ಕರೆಯೆಂದೇ ಒಳಗೆ ಬಿಟ್ಟುಕೊಳ್ಳುತ್ತದೆ, ಮೊದಲ ಹೆಜ್ಜೆ ಅರಗಿಸುತ್ತದೆ, ಆಮೇಲೆ ಮುಂದಕ್ಕೂ ಹೋಗಲಾರದೆ ಹಿಂದಕ್ಕೂ ಬರಲಾರದೆ ಅದು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಒಂದು ಗಂಟೆ ಕಾದು ಕ್ಯಾಮೆರಾದಡಿ ಮಲಗಿಸಿದರೆ ಎಲ್ಲಿ ಹೆಚ್ಚು ಸಿಕ್ಕಿಕೊಂಡಿದೆಯೋ ಅಲ್ಲಿ ಬೆಳಗುತ್ತದೆ. ಭಾರತಕ್ಕೆ ಈ ಪರೀಕ್ಷೆ ಬಂದದ್ದು 2002ರಲ್ಲಿ, ಮುಂಬೈ ಪರೇಲ್‌ನ ರೇಡಿಯೇಶನ್ ಮೆಡಿಸಿನ್ ಸೆಂಟರಿಗೆ. ಇಂದು ಬೆಂಗಳೂರಿನಲ್ಲಿಯೇ ಫ್ಲೋರಿನ್-18 ತಯಾರಿಸುವ ಸೈಕ್ಲೊಟ್ರಾನ್ ಇದೆ.

ಎಸ್‌ಯುವಿ ಎಂದರೆ ಆ ಬೆಳಕಿನ ಲೆಕ್ಕ. ಚುಚ್ಚಿದ ಔಷಧವೆಲ್ಲ ಮೈತುಂಬ ಸಮನಾಗಿ ಹರಡಿದ್ದರೆ ಪ್ರತಿ ಜಾಗಕ್ಕೂ ಎಷ್ಟು ಸಿಗಬೇಕಿತ್ತೋ, ಅದರ ಎಷ್ಟು ಪಟ್ಟು ಈ ಜಾಗದಲ್ಲಿದೆ ಎಂಬ ಅನುಪಾತ. 13.6 ಎಂದರೆ ಸರಾಸರಿಗಿಂತ ಹದಿಮೂರೂವರೆ ಪಟ್ಟು ಹೆಚ್ಚು. ಅದು ರಕ್ತದಲ್ಲಿ ಸಕ್ಕರೆ ಅಳೆದಂತೆ ತಾನೇ ನಿಲ್ಲುವ ಅಂಕಿಯಲ್ಲ. ಲೆಕ್ಕದೊಳಗೆ ರೋಗಿಯ ತೂಕವಿದೆ, ಚುಚ್ಚಿದ ಪ್ರಮಾಣವಿದೆ, ಚುಚ್ಚಿದ ಮೇಲೆ ಎಷ್ಟು ನಿಮಿಷಕ್ಕೆ ಚಿತ್ರ ತೆಗೆದರು ಎಂಬುದಿದೆ, ಯಂತ್ರದ ಗುಣವಿದೆ, ಆ ಬೆಳಗಿನ ರಕ್ತದ ಸಕ್ಕರೆಯೂ ಇದೆ. ಇಷ್ಟರಲ್ಲಿ ಯಾವುದು ಏರುಪೇರಾದರೂ ಗೆಡ್ಡೆ ಹಾಗೇ ಇದ್ದು ಅಂಕಿ ಮಾತ್ರ ಬದಲಾಗುತ್ತದೆ. ಹಾಗಾಗಿ ಯಾರಾದರೂ ಫೋನಿನಲ್ಲಿ "ಎಸ್‌ಯುವಿ ಆರು ಬಂದಿದೆ, ಒಳ್ಳೆಯದೋ ಕೆಟ್ಟದ್ದೋ" ಎಂದು ಕೇಳಿದರೆ, "ಹಿಂದಿನದು ಎಷ್ಟಿತ್ತು, ಎಲ್ಲಿ ಮಾಡಿಸಿದಿರಿ" ಎಂದು ತಿರುಗಿ ಕೇಳದೆ ನಾನು ಬಾಯಿ ಬಿಡುವುದಿಲ್ಲ. ಚಿಕಿತ್ಸೆಯ ಫಲ ತೂಗುವಾಗ ಎರಡು ಸ್ಕ್ಯಾನುಗಳನ್ನು ಪಕ್ಕಪಕ್ಕ ಇಟ್ಟ ಹೋಲಿಕೆಗೆ ಬೆಲೆ, ಒಂಟಿ ಅಂಕಿಗೆ ಅಷ್ಟಿಲ್ಲ.

ಆ ಹೋಲಿಕೆಗೆ ನಿಯಮಗಳಿವೆ. ಸಿಟಿಗೆ ರೆಸಿಸ್ಟ್ ಎಂಬ ಅಳತೆಗೋಲು: ವ್ಯಾಸ ಶೇ. 30 ಇಳಿದರೆ ಭಾಗಶಃ ಪ್ರತಿಕ್ರಿಯೆ, ಶೇ. 20 ಏರಿದರೆ ರೋಗ ಮುಂದುವರಿದಿದೆ, ನಡುವೆ ಇದ್ದರೆ 'ಸ್ಟೇಬಲ್'. ನಿಮ್ಮ ತಂದೆಯವರ ಗೆಡ್ಡೆ ಇಳಿದದ್ದು ಸುಮಾರು ಶೇ. 10. ಸಿಟಿಯ ಭಾಷೆಯಲ್ಲಿ ಅದು ಸ್ಟೇಬಲ್. ಪೆಟ್‌ಗೆ ಪರ್ಸಿಸ್ಟ್ ಎಂಬ ನಿಯಮಾವಳಿ 2009ರಲ್ಲಿ ಬಂತು. ಅದರ ಪ್ರಕಾರ ಹೀರಿಕೆ, ಅಂದರೆ ಗೆಡ್ಡೆ ಆ ಔಷಧವನ್ನು ಹೀರುವ ಪ್ರಮಾಣ, ಕನಿಷ್ಠ ಶೇ. 30 ಇಳಿದಿರಬೇಕು, ಜೊತೆಗೆ ಇಳಿಕೆ 0.8 ಅಂಕಿಗಿಂತ ಕಡಿಮೆ ಇರಬಾರದು. ನಿಮ್ಮಲ್ಲಿ 13.6ರಿಂದ 6.2ಕ್ಕೆ, ಅಂದರೆ ಶೇ. 54ರಷ್ಟು ಇಳಿಕೆ. ಪರ್ಸಿಸ್ಟ್ ಬಳಸುವುದು ಅತಿ ಹೆಚ್ಚು ಬೆಳಗಿದ ಒಂದೇ ಚುಕ್ಕೆಯ 'ಮ್ಯಾಕ್ಸ್' ಅಂಕಿಯನ್ನಲ್ಲ, ಅತಿ ಬೆಳಗಿದ ಪುಟ್ಟ ಜಾಗದ ಸರಾಸರಿಯಾದ, ಕೊಬ್ಬನ್ನು ಕಳೆದ ಮೈತೂಕದ ಮೇಲೆ ಲೆಕ್ಕ ಹಾಕಿದ 'ಪೀಕ್' ಅಂಕಿಯನ್ನು. ಆದರೂ ಇಷ್ಟು ದೊಡ್ಡ ಇಳಿಕೆ ಯಾವ ಲೆಕ್ಕದಲ್ಲೂ ಇಳಿಕೆಯೇ. ಸಿಟಿಯಲ್ಲಿ ಕದಲದ ಗೆಡ್ಡೆ ಪೆಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ತಣ್ಣಗಾಗಿದೆ. ಎರಡೂ ವರದಿಗಳು ಸುಳ್ಳು ಹೇಳುತ್ತಿಲ್ಲ, ಒಂದು ಗಾತ್ರ ಹೇಳುತ್ತಿದೆ, ಇನ್ನೊಂದು ಜೀವ ಹೇಳುತ್ತಿದೆ.

ಇವೆರಡರಲ್ಲಿ ಯಾವುದು ಮುಂದಿನ ದಿನಗಳನ್ನು ಚೆನ್ನಾಗಿ ಸೂಚಿಸುತ್ತದೆ? ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿರುವ ಪೀಟರ್ ಮ್ಯಾಕಲಮ್ ಕ್ಯಾನ್ಸರ್ ಕೇಂದ್ರದವರು 73 ರೋಗಿಗಳಲ್ಲಿ ರೇಡಿಯೇಶನ್ ಆದ ಮೇಲಿನ ಪೆಟ್ ಮತ್ತು ಸಿಟಿಯನ್ನು ಹೋಲಿಸಿ 2003ರಲ್ಲಿ ಪ್ರಕಟಿಸಿದರು. ಬದುಕುಳಿಯುವಿಕೆಗೆ ಹೆಚ್ಚು ಹೊಂದಿಬಂದದ್ದು ಪೆಟ್. ಹತ್ತು ವರ್ಷ ಬಿಟ್ಟು, 2013ರಲ್ಲಿ, ಅಮೆರಿಕದ ಬಹುಕೇಂದ್ರ ಅಧ್ಯಯನವೊಂದು ನಿಮ್ಮ ತಂದೆಯವರಂಥ ಮೂರನೇ ಹಂತದ ರೋಗಿಗಳಲ್ಲೇ ನೋಡಿತು. ಚಿಕಿತ್ಸೆ ಮುಗಿದು ಸುಮಾರು 14 ವಾರಕ್ಕೆ ಉಳಿದ ಹೀರಿಕೆ ಹೆಚ್ಚಿದ್ದಷ್ಟೂ ಬದುಕುಳಿಯುವಿಕೆ ಕಡಿಮೆ ಎಂದು ಕಂಡಿತು. ಆದರೆ 3.5 ಎಂದು ಮೊದಲೇ ಗೆರೆ ಎಳೆದು, ಮೇಲಿದ್ದವರು ಒಂದು ಕಡೆ ಕೆಳಗಿದ್ದವರು ಇನ್ನೊಂದು ಕಡೆ ಎಂದು ವಿಂಗಡಿಸಿ ನೋಡಿದಾಗ ಆ ಗೆರೆಗೆ ಅರ್ಥವೇ ಕಾಣಲಿಲ್ಲ. ನನಗೆ ಇದು ಬಹಳ ಮುಖ್ಯವಾದ ಪಾಠವಾಗಿ ಕಾಣುತ್ತದೆ. ಇಷ್ಟರ ಕೆಳಗೆ ಬಂದರೆ ಗೆದ್ದೆವು, ಮೇಲಿದ್ದರೆ ಸೋತೆವು ಎನ್ನುವಂಥ ಗೆರೆಯಿಲ್ಲ. ಇಂಟರ್ನೆಟ್ಟಿನಲ್ಲಿ '2.5 ದಾಟಿದರೆ ಕ್ಯಾನ್ಸರ್' ಎಂದು ನೀವು ಓದಿರಬಹುದು. ಅದನ್ನು ಮನಸ್ಸಿನಿಂದ ತೆಗೆದುಹಾಕಿ.

ಇನ್ನು ಐದನೇ ವಾರದ ವಿಷಯ. ನಿಮ್ಮನ್ನು ದೂರುತ್ತಿಲ್ಲ, ಅಪ್ಪನ ವಿಷಯದಲ್ಲಿ ಮೂರು ತಿಂಗಳು ಕಾಯುವುದು ಯಾರಿಗೂ ಸುಲಭವಲ್ಲ. ಆದರೆ ಆ ಒಲೆಯನ್ನೇ ಮತ್ತೆ ನೋಡಿ. ಬೆಂಕಿ ಆರಿಸಿದ ತಕ್ಷಣ ಕೈಯೊಡ್ಡಿದರೆ ಒಲೆಯ ಕಲ್ಲೇ ಕಾದಿರುತ್ತದೆ. ಬಿಸಿ ಕಲ್ಲಿನದೋ ಕೆಂಡದ್ದೋ ಎಂದು ಹೇಗೆ ಹೇಳುತ್ತೀರಿ? ಆರು ವಾರ ವಿಕಿರಣ ಬಿದ್ದ ಶ್ವಾಸಕೋಶದಲ್ಲಿ ಉರಿಯೂತ ಇರುತ್ತದೆ. ಸತ್ತ ಕೋಶಗಳನ್ನು ಗುಡಿಸಲು ಬಂದ ಬಿಳಿ ರಕ್ತಕಣಗಳೂ ಗ್ಲೂಕೋಸನ್ನು ಆಸೆಯಿಂದ ಹೀರುತ್ತವೆ. ಎಫ್‌ಡಿಜಿಗೆ ಕ್ಯಾನ್ಸರಿನ ಹಸಿವು ಬೇರೆ, ಉರಿಯೂತದ ಹಸಿವು ಬೇರೆ ಎಂಬ ಭೇದ ತಿಳಿಯದು. ಅದಕ್ಕೇ ರೇಡಿಯೇಶನ್ ಆದ ಮೇಲೆ ಸುಮಾರು 12 ವಾರ ಕಾಯುತ್ತೇವೆ. ಬರೀ ಕೀಮೋ ಆದರೆ ಇಷ್ಟು ಬೇಡ, ಕನಿಷ್ಠ 10 ದಿನ, ಸಾಧ್ಯವಾದರೆ ಮುಂದಿನ ಸುತ್ತಿಗೆ ಸ್ವಲ್ಪ ಮೊದಲು, ಎರಡು ಮೂರು ವಾರಕ್ಕೆ. ಬಿಳಿ ರಕ್ತಕಣ ಏರಿಸುವ ಇಂಜೆಕ್ಷನ್ ಕೊಟ್ಟಿದ್ದರೆ ಮೂಳೆಯ ಮಜ್ಜೆಯೆಲ್ಲ ಬೆಳಗಿ, ನೋಡಿದವರ ಎದೆ ಝಲ್ಲೆನ್ನಿಸುತ್ತದೆ. ಅದಕ್ಕೂ ಕೆಲವು ದಿನ ಬಿಡಬೇಕು.

ನಿಮ್ಮ ಡಾಕ್ಟರು ಮೂರು ತಿಂಗಳು ಎಂದದ್ದು ಇದಕ್ಕೆ. ಈಗಿನ 6.2ರಲ್ಲಿ ಒಂದಷ್ಟು ಪಾಲು ಉರಿಯೂತದ್ದೇ ಇರಬಹುದು, ಎಷ್ಟು ಎಂದು ಯಾರೂ ಭಾಗ ಮಾಡಿ ಕೊಡಲಾರರು. ಚಿತ್ರ ನೋಡುವಾಗ ನಮಗೆ ಆಕಾರ ನೆರವಾಗುತ್ತದೆ. ವಿಕಿರಣ ಹಾಯ್ದ ದಾರಿಯುದ್ದಕ್ಕೂ ಹರಡಿದ, ಮಂಜು ಹಿಡಿದಂಥ ಹೀರಿಕೆ ಸಾಮಾನ್ಯವಾಗಿ ಉರಿಯೂತ. ಹಳೆಯ ಗೆಡ್ಡೆ ಇದ್ದ ನಡುಮಧ್ಯದಲ್ಲೇ ಗಂಟಾಗಿ ನಿಂತು, ಮುಂದಿನ ಸ್ಕ್ಯಾನಿನಲ್ಲಿ ಏರಿದರೆ ಅದು ಕ್ಯಾನ್ಸರಿನ ಸಂಶಯ. ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು: ರೇಡಿಯೇಶನ್ನಿನ ಉರಿಯೂತ ಚಿತ್ರದಲ್ಲಷ್ಟೇ ಇರುವುದಿಲ್ಲ, ಆರು ತಿಂಗಳೊಳಗೆ ಯಾವಾಗ ಬೇಕಾದರೂ ಒಣಕೆಮ್ಮು, ಏದುಸಿರು, ಸಣ್ಣ ಜ್ವರವಾಗಿ ಬರಬಹುದು. ತಂದೆಯವರು ಮೆಟ್ಟಿಲು ಹತ್ತುವಾಗ ಹೊಸದಾಗಿ ಏದುಸಿರು ಬಿಟ್ಟರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಅದೇ ದಿನ ಫೋನ್ ಮಾಡಿ. ಇಮ್ಯುನೋಥೆರಪಿ ಶುರುವಾದ ಮೇಲಂತೂ ಇನ್ನೂ ಜಾಗ್ರತೆ, ಆ ಔಷಧವೂ ಶ್ವಾಸಕೋಶದಲ್ಲಿ ಉರಿಯೂತ ತರಬಲ್ಲದು.

ಎಡಗಡೆಯ ಗ್ರಂಥಿಗೆ ಬರೋಣ. ಹೈಲಾರ್ ಗ್ರಂಥಿಯೆಂದರೆ ಶ್ವಾಸನಾಳ ಶ್ವಾಸಕೋಶದೊಳಗೆ ನುಗ್ಗುವ ಬಾಗಿಲಲ್ಲಿರುವ ದುಗ್ಧಗ್ರಂಥಿ. ರೋಗ ಬಲಗಡೆ, ಗ್ರಂಥಿ ಎಡಗಡೆ. ಅಲ್ಲಿ ನಿಜಕ್ಕೂ ಕ್ಯಾನ್ಸರ್ ಇದ್ದರೆ ವಿಷಯ ಗಂಭೀರ, ಅದನ್ನು ಮುಚ್ಚಿಡಲಾರೆ. ಆದರೆ ನಮ್ಮ ದೇಶದಲ್ಲಿ ಹೈಲಾರ್ ಗ್ರಂಥಿ ಬೆಳಗುವುದಕ್ಕೆ ಕಾರಣಗಳು ಹತ್ತಾರು. ಹಳೆಯ ಅಥವಾ ಹೊಸ ಟಿಬಿ, ಈಚಿನ ನ್ಯುಮೋನಿಯಾ, ವರ್ಷಾನುಗಟ್ಟಲೆ ಸೌದೆ ಹೊಗೆ ಕುಡಿದ ಶ್ವಾಸಕೋಶದ ಕಪ್ಪು ತುಂಬಿದ ಗ್ರಂಥಿಗಳು, ಸಾರ್ಕಾಯ್ಡ್ ಎಂಬ ಇನ್ನೊಂದು ಉರಿಯೂತ. ಪಾಶ್ಚಾತ್ಯ ಪುಸ್ತಕಗಳನ್ನು ಓದಿ ಇಲ್ಲಿಯ ಸ್ಕ್ಯಾನ್ ನೋಡುವವರು ಬೇಗ ಎಡವುವುದು ಇಲ್ಲಿ. ಟಿಬಿಯ ಗ್ರಂಥಿ ಕ್ಯಾನ್ಸರಿನಷ್ಟೇ ಉರಿಯಬಲ್ಲದು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು.

ನಿಮ್ಮ ಡಾಕ್ಟರ ಬಳಿ ಹೀಗೆ ಕೇಳಿ: ಮೊದಲ ಸ್ಕ್ಯಾನಿನಲ್ಲಿ ಆ ಗ್ರಂಥಿ ಇತ್ತೇ, ಇದ್ದೂ ಬೆಳಗಿರಲಿಲ್ಲವೇ? ಬಲಗಡೆಯೂ ಅಷ್ಟೇ ಬೆಳಗಿದೆಯೇ, ಅಂದರೆ ಎರಡೂ ಕಡೆ ಜೋಡಿಯಾಗಿದೆಯೇ? ಸಿಟಿಯಲ್ಲಿ ಅದರೊಳಗೆ ಸುಣ್ಣ ಕಟ್ಟಿದೆಯೇ? ಎಷ್ಟು ದೊಡ್ಡದು? ಎರಡೂ ಕಡೆ ಜೋಡಿಯಾಗಿ, ಚಿಕ್ಕದಾಗಿ, ಸುಣ್ಣ ಕಟ್ಟಿಕೊಂಡು ಇದ್ದರೆ ಹೆಚ್ಚಾಗಿ ಉರಿಯೂತವೇ. ಒಂದೇ ಕಡೆ ದುಂಡಗೆ ಉಬ್ಬಿದ್ದರೆ ಕಾಯುವುದಕ್ಕಿಂತ ಸೂಜಿ ಹಾಕಿ ನೋಡುವುದು ಲೇಸು. ಇಬಸ್ ಎನ್ನುವ ಪರೀಕ್ಷೆಯಲ್ಲಿ ಬಾಯಿಯ ಮೂಲಕ ಕೊಳವೆ ಇಳಿಸಿ, ಅಲ್ಟ್ರಾಸೌಂಡಿನಲ್ಲಿ ಗ್ರಂಥಿಯನ್ನು ನೋಡುತ್ತಲೇ ಸೂಜಿಯಿಂದ ಒಂದಿಷ್ಟು ಅಂಶ ತೆಗೆಯುತ್ತಾರೆ. ಅದನ್ನು ಕ್ಯಾನ್ಸರಿಗೂ ಟಿಬಿಗೂ ಒಟ್ಟಿಗೇ ಪರೀಕ್ಷೆಗೆ ಕಳಿಸಬೇಕು. ಒಂದಕ್ಕೆ ಮಾತ್ರ ಕಳಿಸಿ ಮತ್ತೆ ಚುಚ್ಚುವ ಪ್ರಸಂಗ ತರಬಾರದು. ಡಾಕ್ಟರು ಗಾಬರಿ ಬೇಡ ಎಂದಿದ್ದಾರೆಂದರೆ ಚಿತ್ರ ನೋಡಿಯೇ ಹೇಳಿರುತ್ತಾರೆ. ನಾನು ಚಿತ್ರ ನೋಡಿಲ್ಲ, ನೀವು ಬರೆದ ಅಂಕಿಗಳನ್ನು ನೋಡಿದ್ದೇನೆ ಅಷ್ಟೆ. ಆದರೂ ಮೇಲಿನ ಪ್ರಶ್ನೆಗಳನ್ನು ಕೇಳುವ ಹಕ್ಕು ನಿಮಗಿದೆ.

ನಿಮ್ಮ ಮಾವನವರ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೆ ಅವರ ಸಲಹೆ ಅಪಾಯದ್ದು. ಪೆಟ್ ಕ್ಲಿಯರ್ ಆದ ಮೇಲೆ ಇಮ್ಯುನೋಥೆರಪಿ ಎನ್ನುವ ನಿಯಮ ಎಲ್ಲೂ ಇಲ್ಲ. ಪೆಸಿಫಿಕ್ ಎಂಬ ದೊಡ್ಡ ಅಧ್ಯಯನದಲ್ಲಿ, ಕೀಮೋ ಮತ್ತು ರೇಡಿಯೇಶನ್ ಒಟ್ಟಿಗೆ ಮುಗಿಸಿ ರೋಗ ಮುಂದುವರಿಯದವರಿಗೆ ಡುರ್ವಾಲುಮ್ಯಾಬ್ ಎಂಬ ಔಷಧವನ್ನು 42 ದಿನಗಳೊಳಗೆ ಆರಂಭಿಸಿ ಒಂದು ವರ್ಷದವರೆಗೆ ಕೊಟ್ಟರು. ಐದು ವರ್ಷದ ನಂತರ ಆ ಗುಂಪಿನಲ್ಲಿ ಶೇ. 42.9 ಮಂದಿ ಬದುಕಿದ್ದರು, ಔಷಧ ಸಿಗದ ಗುಂಪಿನಲ್ಲಿ ಶೇ. 33.4. ಅಂದರೆ ಆರಂಭಿಸಬೇಕಾದ ಹೊತ್ತು ಪೆಟ್ ಸ್ಪಷ್ಟವಾಗಿ ಮಾತಾಡುವ ಹೊತ್ತಿಗಿಂತ ಮೊದಲೇ ಬರುತ್ತದೆ. ಆ ಘಟ್ಟದಲ್ಲಿ ರೋಗ ಹರಡಿಲ್ಲ ಎಂದು ನೋಡಲು ಸಾಮಾನ್ಯ ಸಿಟಿಯೇ ಸಾಕು. ಎಡ ಗ್ರಂಥಿಯ ಬಗ್ಗೆ ಬಲವಾದ ಸಂಶಯ ಇದ್ದರೆ ಮಾತ್ರ ಮೊದಲು ಸೂಜಿ ಪರೀಕ್ಷೆ, ಅದೂ ಈ ವಾರವೇ.

ಇಲ್ಲಿ, ಪೆಟ್ ಓದುವ ನನ್ನ ವಿಭಾಗದ್ದಲ್ಲದ ಒಂದು ಮಾತನ್ನೂ ಹೇಳುತ್ತೇನೆ. ಬಯಾಪ್ಸಿಯಲ್ಲಿ ಇಜಿಎಫ್ಆರ್ ಮತ್ತು ಆಲ್ಕ್ ಜೀನ್ ಪರೀಕ್ಷೆ ಆಗಿದೆಯೇ ಎಂದು ವಿಚಾರಿಸಿ. ಅಡಿನೊಕಾರ್ಸಿನೋಮದಲ್ಲಿ, ಅದರಲ್ಲೂ ನಮ್ಮ ಏಷ್ಯಾದ ರೋಗಿಗಳಲ್ಲಿ, ಇಜಿಎಫ್ಆರ್ ಬದಲಾವಣೆ ಕಾಣುವುದು ಅಪರೂಪವಲ್ಲ. ಅದಿದ್ದವರಿಗೆ ಇಮ್ಯುನೋಥೆರಪಿಯ ಲಾಭ ಕಡಿಮೆ, ಬದಲಿಗೆ ದಿನಕ್ಕೊಂದು ಓಸಿಮೆರ್ಟಿನಿಬ್ ಮಾತ್ರೆಯಿಂದ ರೋಗ ತಡೆದು ನಿಲ್ಲುವ ಅವಧಿ ಬಹಳ ಹೆಚ್ಚುತ್ತದೆ ಎಂದು 2024ರಲ್ಲಿ ಪ್ರಕಟವಾದ ಲಾರಾ ಅಧ್ಯಯನ ತೋರಿಸಿತು. ಯಾವ ಔಷಧ ಎಂಬ ತೀರ್ಮಾನ ನಿಮ್ಮ ಆಂಕಾಲಜಿಸ್ಟರದ್ದು. ಆದರೆ ಆ ವರದಿ ಫೈಲಿನಲ್ಲಿ ಇರಲೇಬೇಕು.

ಔಷಧ ಬದಲಾದರೆ ನಾವು ಚಿತ್ರ ಓದುವ ರೀತಿಯೂ ಬದಲಾಗುತ್ತದೆ. ಇಮ್ಯುನೋಥೆರಪಿ ನಮ್ಮದೇ ರಕ್ಷಣಾ ಕೋಶಗಳನ್ನು ಗೆಡ್ಡೆಯ ಮೇಲೆ ಛೂ ಬಿಡುತ್ತದೆ. ಅವು ಗುಂಪಾಗಿ ನುಗ್ಗಿದಾಗ ಗೆಡ್ಡೆ ಸ್ವಲ್ಪ ಕಾಲ ಊದಿಕೊಂಡು ಹೆಚ್ಚು ಬೆಳಗಬಹುದು. ಹುಸಿ ಏರಿಕೆ ಎನ್ನಿ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಇದು ಅಪರೂಪ, ಏರಿದ್ದೆಲ್ಲ ಹುಸಿ ಎಂದು ಸಮಾಧಾನ ಮಾಡಿಕೊಳ್ಳಬಾರದು. ರೋಗಿ ಚೆನ್ನಾಗಿ ಓಡಾಡಿಕೊಂಡಿದ್ದರೆ ಅದೇ ಔಷಧ ಮುಂದುವರಿಸಿ 4ರಿಂದ 8 ವಾರಕ್ಕೆ ಇನ್ನೊಮ್ಮೆ ನೋಡಿ ಖಚಿತಪಡಿಸಿಕೊಳ್ಳಬೇಕೆಂದು 2017ರಲ್ಲಿ ಬಂದ ಐರೆಸಿಸ್ಟ್ ನಿಯಮ ಹೇಳುತ್ತದೆ. ಥೈರಾಯ್ಡ್, ದೊಡ್ಡ ಕರುಳು, ಎದೆಯ ನಡುವಿನ ಗ್ರಂಥಿಗಳು ಹೊಸದಾಗಿ ಬೆಳಗುವುದೂ ಇದೆ. ಇವು ಆ ಔಷಧದ ಅಡ್ಡಪರಿಣಾಮ ಇರಬಹುದು. ಹಾಗಾಗಿ ಮುಂದಿನ ಸ್ಕ್ಯಾನಿಗೆ ಹೋಗುವಾಗ ಯಾವ ಔಷಧ, ಯಾವತ್ತು ಶುರು, ಕೊನೆಯ ಡೋಸ್ ಯಾವತ್ತು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಎಷ್ಟೋ ಸಲ ನಮ್ಮ ಕೈಗೆ ಬರುವ ಕೋರಿಕೆ ಚೀಟಿಯಲ್ಲಿ 'ಶ್ವಾಸಕೋಶದ ಕ್ಯಾನ್ಸರ್, ಪೆಟ್' ಎಂದಷ್ಟೇ ಇರುತ್ತದೆ. ಅಷ್ಟರಿಂದ ವರದಿ ಬರೆದರೆ ಅದು ಅರ್ಧ ವರದಿ.

ಈಗ ನಿಮ್ಮ ಎರಡು ಸ್ಕ್ಯಾನುಗಳನ್ನು ಎಷ್ಟರಮಟ್ಟಿಗೆ ಹೋಲಿಸಬಹುದು ಎಂಬುದು. ಒಂದು ಬೆಂಗಳೂರು, ಇನ್ನೊಂದು ಬೇರೆ ಊರು, ಎರಡು ಯಂತ್ರ. ಹೊಸ ತಲೆಮಾರಿನ ಯಂತ್ರಗಳು ಚಿಕ್ಕ ಗಂಟಿನ ಬೆಳಕನ್ನು ಹೆಚ್ಚು ಚೂಪಾಗಿ ಹಿಡಿಯುತ್ತವೆ, ಹಳೆಯದರಲ್ಲಿ 3 ಕಂಡದ್ದು ಹೊಸದರಲ್ಲಿ 4 ಆದೀತು. ನಿಮ್ಮ ಎಡ ಗ್ರಂಥಿಯ 4.1ಕ್ಕೆ ಯಂತ್ರದ ವ್ಯತ್ಯಾಸವೂ ಒಂದು ಕಾರಣವಿರಬಹುದು. ಇದನ್ನು ಪತ್ತೆಹಚ್ಚಲು ಒಂದು ಉಪಾಯವಿದೆ, ಎರಡೂ ವರದಿಗಳಲ್ಲಿ ಲಿವರಿನ ಅಂಕಿ ನೋಡಿ. ಆರೋಗ್ಯವಂತ ಲಿವರಿನ ಹೀರಿಕೆ ಸಾಮಾನ್ಯವಾಗಿ ಹೆಚ್ಚು ಬದಲಾಗುವುದಿಲ್ಲ, ಅದೇ ನಮ್ಮ ತಕ್ಕಡಿಯ ಕಲ್ಲು. ಪರ್ಸಿಸ್ಟ್ ಪ್ರಕಾರ ಎರಡು ಸ್ಕ್ಯಾನುಗಳ ಲಿವರ್ ಅಂಕಿಯಲ್ಲಿ ಶೇ. 20ಕ್ಕಿಂತ ಹೆಚ್ಚು ಅಂತರ ಇರಬಾರದು. ಲಿವರೇ 2ರಿಂದ 3ಕ್ಕೆ ಏರಿದ್ದರೆ ಉಳಿದ ಅಂಕಿಗಳನ್ನು ನೇರವಾಗಿ ಹೋಲಿಸಬೇಡಿ. ಮೊದಲ ಸ್ಕ್ಯಾನಿನ ಸಿ.ಡಿ. ನಿಮ್ಮಲ್ಲಿರುತ್ತದೆ, ಎರಡನ್ನೂ ಒಬ್ಬರೇ ನ್ಯೂಕ್ಲಿಯರ್ ಮೆಡಿಸಿನ್ ವೈದ್ಯರ ಮುಂದಿಟ್ಟು ಒಟ್ಟಿಗೆ ಓದಿಸಿ. ಅಚ್ಚು ಮಾಡಿದ ವರದಿಗಿಂತ ಆ ಸಿ.ಡಿ.ಗೆ ಬೆಲೆ ಹೆಚ್ಚು.

ಸಕ್ಕರೆ ಕಾಯಿಲೆ ಇದೆ ಎಂದಿರಿ. ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಕಂಡ ಒಂದು ಪ್ರಸಂಗ ಇವತ್ತಿಗೂ ಕಣ್ಣಮುಂದಿದೆ. ಕೀಮೋ ಮಧ್ಯದಲ್ಲಿದ್ದ ಹಿರಿಯರೊಬ್ಬರು ಸ್ಕ್ಯಾನಿಗೆ ಬಂದರು. ಗೆಡ್ಡೆ ಬಹಳ ಮಂಕಾಗಿತ್ತು, ಮನೆಯವರು ಸಂತೋಷಪಟ್ಟರು. ಆದರೆ ತೋಳು, ತೊಡೆ, ಹೃದಯದ ಸ್ನಾಯುಗಳೆಲ್ಲ ದೀಪದಂತೆ ಉರಿಯುತ್ತಿದ್ದವು. ಕೇಳಿದರೆ, ಬೆಳಗ್ಗೆ ಸಕ್ಕರೆ ಹೆಚ್ಚಿದೆಯೆಂದು ಮನೆಯಲ್ಲೇ ಇನ್ಸುಲಿನ್ ಹಾಕಿಕೊಂಡು ಬಂದಿದ್ದರು, ಯಾರೂ ವಿಚಾರಿಸಿರಲಿಲ್ಲ. ಇನ್ಸುಲಿನ್ ಔಷಧವನ್ನೆಲ್ಲ ಸ್ನಾಯುಗಳಿಗೆ ಎಳೆದೊಯ್ದಿತ್ತು, ಗೆಡ್ಡೆಗೆ ಪಾಲೇ ಸಿಕ್ಕಿರಲಿಲ್ಲ. ನಾಲ್ಕು ದಿನ ಬಿಟ್ಟು ಸರಿಯಾಗಿ ಮಾಡಿದಾಗ ಗೆಡ್ಡೆ ಮೊದಲಿನಷ್ಟೇ ಬೆಳಗುತ್ತಿತ್ತು. ಸಂತೋಷಪಟ್ಟಿದ್ದ ಆ ಮನೆಯವರ ಮುಖ ನೋಡುವುದು ನನಗೆ ಕಷ್ಟವಾಯಿತು. ಅಂದಿನಿಂದ ಇನ್ಸುಲಿನ್ ಎಷ್ಟು ಹೊತ್ತಿಗೆ ಎಂದು ಕೇಳದೆ ಯಾರಿಗೂ ಸೂಜಿ ಹಾಕಲು ಬಿಟ್ಟಿಲ್ಲ.

ಮುಂದಿನ ಸ್ಕ್ಯಾನ್ 12 ವಾರ ಕಳೆದ ಮೇಲೆ, ಸಾಧ್ಯವಾದರೆ ಮೊದಲು ಮಾಡಿಸಿದ ಬೆಂಗಳೂರಿನ ಯಂತ್ರದಲ್ಲೇ ಮಾಡಿಸಿ. ಆರು ಗಂಟೆ ಖಾಲಿ ಹೊಟ್ಟೆ, ಬರೀ ನೀರು ಧಾರಾಳವಾಗಿ ಕುಡಿಯಬಹುದು. ರಕ್ತದ ಸಕ್ಕರೆ 200ರ ಒಳಗಿರಬೇಕು, ಅದಕ್ಕಾಗಿ ಒಂದು ವಾರ ಮೊದಲೇ ನಿಮ್ಮ ವೈದ್ಯರ ಜೊತೆ ಮಾತಾಡಿ ಮಾತ್ರೆಯ ಹೊತ್ತು ಹೊಂದಿಸಿಕೊಳ್ಳಿ. ಅವರು ತೆಗೆದುಕೊಳ್ಳುವುದು ಮೆಟ್‌ಫಾರ್ಮಿನ್ ಆಗಿದ್ದರೆ ಕರುಳು ಬೆಳಗುತ್ತದೆ. ಎರಡು ದಿನ ನಿಲ್ಲಿಸಿ ಎಂದು ಕೆಲವು ಕಡೆ ಹೇಳುತ್ತಾರೆ, ವೈದ್ಯರನ್ನು ಕೇಳದೆ ನೀವಾಗಿ ನಿಲ್ಲಿಸಬೇಡಿ. ಹಿಂದಿನ ದಿನ ತೋಟದಲ್ಲಿ ಮೈಮುರಿಯುವ ಕೆಲಸ ಬೇಡ, ದುಡಿದ ಸ್ನಾಯು ಮರುದಿನ ಬೆಳಗುತ್ತದೆ. ಮಲೆನಾಡಿನವರಿಗೆ ಇದನ್ನೂ ಹೇಳಬೇಕು: ಆ ಬೆಳಗ್ಗೆ ಎಲೆಅಡಿಕೆ ಬೇಡ. ಅಗಿಯುತ್ತಿದ್ದರೆ ದವಡೆಯ ಸ್ನಾಯುಗಳು ಹೀರಿಕೊಂಡು ಕೂರುತ್ತವೆ. ಚುಚ್ಚಿದ ಮೇಲಿನ ಒಂದು ಗಂಟೆ ಬೆಚ್ಚಗೆ, ಮಾತಾಡದೆ ಮಲಗಿರಲಿ. ಮಾತಾಡಿದರೆ ಧ್ವನಿಪೆಟ್ಟಿಗೆ ಬೆಳಗುತ್ತದೆ. ಆ ಗಂಟೆಯೂ ಹಿಂದಿನ ಸಲದಷ್ಟೇ ಇರಬೇಕು, ಹದಿನೈದು ನಿಮಿಷಕ್ಕಿಂತ ಹೆಚ್ಚು ಹೆಚ್ಚುಕಡಿಮೆ ಆಗಬಾರದು. ತೂಕವನ್ನು ಅಂದೇ ತೂಗಿಸಿ, ಹಳೆಯ ಚೀಟಿಯ ತೂಕ ಬರೆಸಬೇಡಿ. ಚಿಕಿತ್ಸೆಯಲ್ಲಿ ಎಂಟು ಹತ್ತು ಕೆ.ಜಿ. ಇಳಿದವರಿಗೆ ಹಳೆಯ ತೂಕ ಹಾಕಿದರೆ ಎಸ್‌ಯುವಿ ತಪ್ಪಾಗುತ್ತದೆ.

ಬೆಳಗ್ಗೆ ಕೊಟ್ಟ ಹೊತ್ತಿಗೇ ಬನ್ನಿ ಎಂದು ನಾವು ಪಟ್ಟು ಹಿಡಿಯುವುದಕ್ಕೂ ಕಾರಣವಿದೆ. ಫ್ಲೋರಿನ್-18ರ ಶಕ್ತಿ ಪ್ರತಿ 110 ನಿಮಿಷಕ್ಕೆ ಅರ್ಧಕ್ಕಿಳಿಯುತ್ತದೆ. ಸೈಕ್ಲೊಟ್ರಾನ್ ಇಲ್ಲದ ಊರಿಗೆ ಅದು ಸೀಸದ ಡಬ್ಬದಲ್ಲಿ ವಾಹನದಲ್ಲಿ ಬರಬೇಕು, ಮೂರು ಗಂಟೆ ನಲವತ್ತು ನಿಮಿಷದ ದಾರಿಯಲ್ಲಿ ಮುಕ್ಕಾಲು ಪಾಲು ಕಳೆದುಹೋಗಿರುತ್ತದೆ.

ಮೂರು ತಿಂಗಳ ಸ್ಕ್ಯಾನ್ ಚೆನ್ನಾಗಿ ಬಂದರೆ, ಮೂರು ಮೂರು ತಿಂಗಳಿಗೆ ಪೆಟ್ ಮಾಡಿಸುತ್ತ ಹೋಗಬೇಕೆಂದಿಲ್ಲ. ತೊಂದರೆಯಿಲ್ಲದ ರೋಗಿಯ ಮುಂದಿನ ನಿಗಾವಣೆಗೆ ಮಾರ್ಗಸೂಚಿಗಳು ಹೇಳುವುದು ಸಿಟಿ. ಸಿಟಿಯಲ್ಲಿ ಸಂಶಯ ಬಂದಾಗ, ಕಲೆಯೋ ಮರುಕಳಿಕೆಯೋ ಎಂದು ಬಿಡಿಸಬೇಕಾದಾಗ ಪೆಟ್. ನನ್ನದೇ ವಿಭಾಗದ ಪರೀಕ್ಷೆ ಎಂದು ಹೆಚ್ಚು ಮಾಡಿಸಿ ಎನ್ನಲಾರೆ; ದುಡ್ಡೂ ಹೋಗುತ್ತದೆ, ಒಂದೊಂದು ಬಿಳಿಚುಕ್ಕೆಗೂ ಮನೆಮಂದಿ ಉಪವಾಸ ಬೀಳುತ್ತಾರೆ. ಇನ್ನೊಂದು ಮಿತಿಯೂ ಗೊತ್ತಿರಲಿ. ಮಿದುಳು ಹೇಗೂ ಗ್ಲೂಕೋಸಿನಲ್ಲೇ ಬದುಕುವ ಅಂಗ, ಸದಾ ಬೆಳಗುತ್ತಲೇ ಇರುತ್ತದೆ. ಅಲ್ಲಿಗೆ ಹರಡಿದ ಚಿಕ್ಕ ಗಂಟು ಪೆಟ್‌ನಲ್ಲಿ ಮರೆಯಾಗುತ್ತದೆ. ತಲೆನೋವು, ವಾಂತಿ, ನಡೆಯುವಾಗ ಓಲಾಟ ಶುರುವಾದರೆ 'ಪೆಟ್ ಚೆನ್ನಾಗಿತ್ತಲ್ಲ' ಎಂದು ಕೂರಬೇಡಿ, ಎಂಆರ್‌ಐ ಬೇಕು.

ಕೊನೆಗೆ ಮೊಮ್ಮಗಳ ವಿಷಯ. ಒಂದು ಪೆಟ್ ಸ್ಕ್ಯಾನಿಗೆ ಕೊಡುವ ಎಫ್‌ಡಿಜಿಯಿಂದ ಮೈಗೆ ತಾಗುವ ವಿಕಿರಣ ಸುಮಾರು 7 ಮಿಲಿಸೀವರ್ಟ್, ಜೊತೆಗಿನ ಸಿಟಿಯದ್ದು ಬೇರೆ. ಪ್ರಕೃತಿಯಿಂದಲೇ ವರ್ಷಕ್ಕೆ ಸರಾಸರಿ 2.4 ನಮಗೆಲ್ಲರಿಗೂ ತಾಗುತ್ತದೆ. ಕ್ಯಾನ್ಸರಿನ ಚಿಕಿತ್ಸೆಯಲ್ಲಿರುವ ತಂದೆಯವರಿಗೆ ಅದು ಚಿಂತೆಯಲ್ಲ, ಆದರೆ ಮೂರು ವರ್ಷದ ಕೂಸಿಗೆ ಅನಗತ್ಯವಾಗಿ ಒಂದಿಷ್ಟೂ ಯಾಕೆ? ಬೆಳಗ್ಗೆ ಹತ್ತಕ್ಕೆ ಚುಚ್ಚಿದ್ದರೆ ಅಂದು ಸಂಜೆಯವರೆಗೆ ಅಜ್ಜ ಬೇರೆ ಕೋಣೆಯಲ್ಲಿರಲಿ, ನೀರು ಚೆನ್ನಾಗಿ ಕುಡಿದು ಪದೇಪದೇ ಮೂತ್ರಕ್ಕೆ ಹೋಗಲಿ. ಮನೆಯಲ್ಲಿ ಬಸುರಿಯರಿದ್ದರೆ ಅವರಿಗೂ ಇದೇ ಮಾತು. ರಾತ್ರಿ ಒಂಬತ್ತರ ಹೊತ್ತಿಗೆ ನೂರರಲ್ಲಿ ಎರಡು ಪಾಲಿಗಿಂತ ಕಡಿಮೆ ಉಳಿದಿರುತ್ತದೆ. ಮರುದಿನ ಬೆಳಗ್ಗೆ ಆರಕ್ಕೆ ಸಾವಿರದಲ್ಲಿ ಒಂದು ಪಾಲೂ ಇರುವುದಿಲ್ಲ. ಆಗ ತೊಡೆಯ ಮೇಲೆ ಕೂರಿಸಿಕೊಂಡು ಕಾಫಿ ಕುಡಿಯಲಿ.